ಅಪ್ಪನ ಚಂಡೆ

ಶಿರಸಿಯಲ್ಲಿ ಮೂರು ದಿನದಿಂದ ಬಿಡದ ಮಳೆ. ಮನೆಯಲ್ಲೇ ಕೂತು ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಕರ್ನಲ್, ಅಂದರೆ ಇಡೀ ವ್ಯವಸ್ಥೆಯನ್ನು ನಡೆಸುವ ತಿರುಳಿನ ಪ್ರೋಗ್ರಾಂ, ನಾನೇ ಮೂಲ ಕೋಡ್‌ನಿಂದ ಕಂಪೈಲ್ ಮಾಡಿದೆ. ಬೇಗ ಬೂಟ್ ಆಯ್ತು, ಖುಷಿಯೂ ಆಯ್ತು. ಸಂಜೆ ಅಪ್ಪ ಯುಎಸ್‌ಬಿ ಹೆಡ್‌ಫೋನ್ ಹಾಕಿಕೊಂಡು ಯಕ್ಷಗಾನದ ರೆಕಾರ್ಡಿಂಗ್ ಹಚ್ಚಿದರು. "ತಮಾ, ಚಂಡೆ ಕೇಳ್ತಾ ಇಲ್ಲೆ!"

ಅವರಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರಿನ ಸದ್ದು ಸಾಲದು. ವಾಲ್ಯೂಮ್, ಮ್ಯೂಟ್ ಎಲ್ಲ ನೋಡಿದೆ, ಸರಿಯಿತ್ತು. ಯುಎಸ್‌ಬಿ ಪಟ್ಟಿಯಲ್ಲಿ ಹೆಡ್‌ಫೋನ್ ಇದೆ, ಸೌಂಡ್ ಕಾರ್ಡ್ ಪಟ್ಟಿಯಲ್ಲಿ ಇಲ್ಲ. ಅಂದರೆ ಅದನ್ನು ನಡೆಸುವ ಡ್ರೈವರೇ ನನ್ನ ಕರ್ನಲ್‌ನಲ್ಲಿ ಇಲ್ಲ.

ಆಗ ಹೊಳೆಯಿತು. ಕರ್ನಲ್‌ಗೆ ಯಾವ ಭಾಗಗಳು ಬೇಕೆಂದು ಆರಿಸಲು ನಾನು ಬಳಸಿದ್ದು ಈ ಆಜ್ಞೆ: 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್'. ಡ್ರೈವರ್‌ನಂಥ ಬಿಡಿ ತುಣುಕುಗಳಿಗೆ ಮಾಡ್ಯೂಲ್ ಅನ್ನುತ್ತಾರೆ. ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ ಇಟ್ಟುಕೊಂಡು ಉಳಿದವನ್ನು ಅದು ಕೈಬಿಡುತ್ತದೆ. ಆ ಆಜ್ಞೆ ಕೊಟ್ಟಾಗ ಹೆಡ್‌ಫೋನ್ ಅಪ್ಪನ ಕೋಣೆಯ ಮೊಳೆಗೆ ನೇತಾಡುತ್ತಿತ್ತು. ನಾನು ಬಳಸದ್ದು ಮನೆಯಲ್ಲಿ ಯಾರಿಗೂ ಬೇಡ ಅಂದುಕೊಂಡುಬಿಟ್ಟಿದ್ದೆನಲ್ಲ, ಅದು ಮನಸ್ಸಿಗೆ ಚುಚ್ಚಿತು.

ಕರ್ನಲ್ ಆಯ್ಕೆಗಳ ಪಟ್ಟಿ ತೆರೆದು, ಆಲ್ಸಾ ಎಂಬ ಸದ್ದಿನ ವಿಭಾಗದಲ್ಲಿ ಯುಎಸ್‌ಬಿ ಆಡಿಯೊ ಮುಂದೆ, ಮಾಡ್ಯೂಲ್ ಆಗಿ ಸೇರಿಸಲು, 'ಎಂ' ಒತ್ತಿ, ಮತ್ತೆ ಕಂಪೈಲ್ ಮಾಡಿ, ಮಾಡ್ಯೂಲ್ ಇನ್‌ಸ್ಟಾಲ್ ಮಾಡಿ ರೀಬೂಟ್ ಮಾಡಿದೆ.

ಅಪ್ಪ ಏನೂ ಹೇಳಲಿಲ್ಲ. ಕಣ್ಣು ಮುಚ್ಚಿದ್ದರು, ಕುರ್ಚಿಯ ಕೈ ಮೇಲೆ ಎರಡು ಬೆರಳು ತಾಳ ಹಾಕುತ್ತಿದ್ದವು.