ದ್ರಾಕ್ಷಿ ಕಡ್ಡಿಯ ಇದ್ದಿಲು, ಸೈಕಲ್ಲಿನ ಸ್ಪೋಕ್

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದರೆ ವಿಜಯಪುರದ ಸುತ್ತಲಿನ ತೋಟಗಳ ಬದುವಿನಲ್ಲಿ ದ್ರಾಕ್ಷಿ ಕಡ್ಡಿಯ ರಾಶಿ ಬೀಳುತ್ತದೆ. ಒಲೆಗೆ ಹೋಗುವಷ್ಟು ಹೋಗಿ ಉಳಿದದ್ದು ಬೂದಿ. ಒಂದು ಭಾನುವಾರ ಬೆಳಗ್ಗೆ ಗೋಳಗುಮ್ಮಟದ ಚಿತ್ರ ತೆಗೆಯಲು ಅದರ ಮುಂದಿನ ಹುಲ್ಲಿನ ಮೇಲೆ ನನ್ನ ಪಕ್ಕ ಬಂದು ಕುಳಿತ ಒಂಬತ್ತನೇ ತರಗತಿ ಹುಡುಗ ಅದೇ ಕಡ್ಡಿ ಸುಟ್ಟ ಇದ್ದಿಲನ್ನು ಹಳೇ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಶಾಲೆ ಬಿಟ್ಟ ಮೇಲೆ ಅವನಿಗೆ ಪಂಕ್ಚರ್ ಅಂಗಡಿಯಲ್ಲಿ ಕೆಲಸ. ಪೆನ್ಸಿಲ್ಲಿಗೆ ದುಡ್ಡು ಕೇಳಿದರೆ ಮನೆಯಲ್ಲಿ ಸಿಗುವ ಉತ್ತರ ಬಾಯಿಪಾಠ: “ಚಿತ್ರಾ ತಗದ್ರ ಹೊಟ್ಟಿ ತುಂಬತೈತೇನು?”

ಎರಡು ಗೆರೆ ಎಳೆಯುವಷ್ಟರಲ್ಲಿ ಅವನ ಮುಖ ಸಪ್ಪಗಾಯಿತು. “ಹಾಳಿ ಹರೀತೈತ್ರಿ ಸರ.”

ತಪ್ಪು ಕೈಯದಲ್ಲ, ಕಡ್ಡಿಯದು. ಹೆಬ್ಬೆರಳು ದಪ್ಪದ ಕಡ್ಡಿ ಹೊರಗೆ ಕಪ್ಪಾದರೂ ಒಳಗೆ ಕಂದಾಗಿಯೇ ಉಳಿದಿತ್ತು. ಆ ಬೇಯದ ಕಟ್ಟಿಗೆ ಹಾಳೆಯನ್ನು ಕೆರೆಯುತ್ತದೆ. ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ, ತೊಗಟೆ ಸುಲಿದು, ವಾರ ಒಣಗಿಸಿ, ಐದೈದು ಇಂಚಿಗೆ ಕತ್ತರಿಸಬೇಕು. ಹಸಿ ಇದ್ದರೆ ಸುಡುವಾಗ ಸೀಳುತ್ತದೆ. ಮುಚ್ಚಳ ಬಿಗಿಯಾಗಿ ಕೂಡುವ ತಗಡಿನ ಡಬ್ಬಿಯಲ್ಲಿ ಅಲುಗಾಡದಂತೆ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದೇ ತೂತು ಹೊಡೆದು ಕೆಂಡದಲ್ಲಿಡುವುದು. ಪ್ಲಾಸ್ಟಿಕ್ ಮುಚ್ಚಳ, ಪೇಂಟಿನ ಡಬ್ಬಿ ಬೇಡ. ತೂತಿನಿಂದ ಮೊದಲು ಬಿಳಿ ಹೊಗೆ ಬರುತ್ತದೆ. ಅದು ಪೂರ್ತಿ ನಿಂತಾಗ ಇದ್ದಿಲು ಆಯಿತೆಂದು ಲೆಕ್ಕ. ಇಲ್ಲೇ ಎಲ್ಲರೂ ಕೆಡುವುದು: ನೋಡುವ ಆಸೆಗೆ ಬಿಸಿಯಿದ್ದಾಗಲೇ ಮುಚ್ಚಳ ತೆಗೆಯುತ್ತಾರೆ, ಗಾಳಿ ಹೊಕ್ಕು ಒಳಗಿದ್ದದ್ದೆಲ್ಲ ಹೊತ್ತಿ ಬೂದಿಯಾಗುತ್ತದೆ. ರಾತ್ರಿ ಒಲೆಯಲ್ಲೇ ಬಿಟ್ಟು ಬೆಳಗ್ಗೆ ತೆಗೆಯುವುದು ಒಳ್ಳೆಯದು. ಸರಿಯಾಗಿ ಬೆಂದ ಕಡ್ಡಿ ಕಲ್ಲಿನ ಮೇಲೆ ಬಿದ್ದರೆ ಗಾಜಿನಂತೆ ಟಣ್ ಎನ್ನುತ್ತದೆ.

ಗಂಟಿನಲ್ಲಿದ್ದ ಸಣ್ಣ ಕಡ್ಡಿಗಳನ್ನು ಒಂದೊಂದಾಗಿ ಕಲ್ಲಿಗೆ ಬಡಿದು ನೋಡಿದೆವು. ಹನ್ನೊಂದರಲ್ಲಿ ನಾಲ್ಕು ಸರಿಯಿದ್ದವು. ಒಂದು ಮುಂಜಾನೆಗೆ ನಾಲ್ಕು ಸಾಕು.

ಹಾಳೆಗೂ ಅವನು ದುಡ್ಡು ಕೊಟ್ಟಿರಲಿಲ್ಲ. ಮದುವೆ ಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕತ್ತರಿಸಿ ಬಿಟ್ಟ ದಪ್ಪ ಅಂಚುಗಳು. ಇದ್ದಿಲಿಗೆ ಇಂಥ ಒರಟು ಹಾಳೆಯೇ ಬೇಕು, ನುಣುಪಾದ ಕ್ಯಾಲೆಂಡರ್ ಹಾಳೆಯ ಮೇಲೆ ಪುಡಿ ನಿಲ್ಲದೆ ಜಾರುತ್ತದೆ. ಅಳಿಸಲು ರಬ್ಬರಿಗಿಂತ ಬ್ರೆಡ್ಡಿನ ಮೆದು ಭಾಗ ವಾಸಿ, ಉಂಡೆ ಮಾಡಿ ಒತ್ತಿ ಎತ್ತಬೇಕು, ತಿಕ್ಕಬಾರದು. ಅವನು ಬುತ್ತಿಯ ಜೋಳದ ರೊಟ್ಟಿ ಮುರಿದು ಒತ್ತಿ ನೋಡಿದ. ಪುಡಿ ಉದುರಿ ಇರುವೆಗೆ ಹಬ್ಬವಾಯಿತು.

ಒಂಬತ್ತರ ಹೊತ್ತಿಗೆ ಚಿತ್ರ ನಿಂತಿತ್ತು, ಆದರೆ ಗುಮ್ಮಟ ಬೋರಲು ಹಾಕಿದ ಚಹಾದ ಬಟ್ಟಲಿನಷ್ಟೇ ಇತ್ತು. “ನನಗ ಬರೂದಿಲ್ರಿ, ಬಿಡ್ರಿ” ಎಂದು ಹಾಳೆ ಮಡಚಲು ಹೊರಟ. ಮೊದಲ ಸಲ ತೆಗೆಯುವವರೆಲ್ಲರಿಗೂ ಹೀಗೇ ಆಗುತ್ತದೆ. ಕಣ್ಣು ಮೊದಲು ಮೂಲೆಯ ಮಿನಾರುಗಳಿಗೆ ಹೋಗುತ್ತದೆ, ಅವನ್ನು ದಪ್ಪಗೆ ಬರೆದುಬಿಟ್ಟರೆ ನಡುವೆ ಗುಮ್ಮಟಕ್ಕೆ ಜಾಗ ಉಳಿಯುವುದಿಲ್ಲ. 1656ರ ಸುಮಾರಿಗೆ ಮುಗಿದ ಮಹಮ್ಮದ್ ಆದಿಲ್ ಶಾಹನ ಈ ಗೋರಿಯ ಒಂದೊಂದು ಬದಿ ಸುಮಾರು 47.5 ಮೀಟರ್, ಗುಮ್ಮಟದ ಹೊರ ಅಡ್ಡಳತೆ ಸುಮಾರು 44. ಹೆಚ್ಚುಕಡಿಮೆ ಗೋಡೆಯಷ್ಟೇ ಅಗಲ! ಗೋಡೆಗಿಂತ ಹಿಂದೆ ಇರುವುದರಿಂದ ಸ್ವಲ್ಪ ಕಿರಿದಾಗಿ ಕಾಣುತ್ತದೆ. ಆದರೂ ದೂರದ ಹುಲ್ಲಿನಿಂದ ಐದರಲ್ಲಿ ನಾಲ್ಕು ಪಾಲಾದರೂ ಬರಬೇಕು. ತೀರ ಹತ್ತಿರ ಕುಳಿತರೆ ಗೋಡೆಯ ಮೇಲೆ ಮುಂದಕ್ಕೆ ಚಾಚಿದ ಛಜ್ಜಾ ಗುಮ್ಮಟದ ಬುಡವನ್ನೇ ನುಂಗುತ್ತದೆ.

ಅಳೆಯಲು ಅವನ ಕಿಸೆಯಲ್ಲೇ ಸಾಮಾನಿತ್ತು, ಸೈಕಲ್ಲಿನ ಹಳೇ ಸ್ಪೋಕ್. ತೋಳು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಸ್ಪೋಕಿನ ತುದಿಯನ್ನು ಗೋಡೆಯ ಒಂದು ಅಂಚಿಗೆ ಹಿಡಿದು ಇನ್ನೊಂದು ಅಂಚಿಗೆ ಹೆಬ್ಬೆರಳು ಇಡುವುದು. ಆ ಅಳತೆಯನ್ನೇ ಗುಮ್ಮಟಕ್ಕೆ ಹಿಡಿದು ನೋಡುವುದು. ಮೊಣಕೈ ಮಡಚಿತೋ, ಅಳತೆ ಸುಳ್ಳು. ಮೂರು ಸಲ ಅಳೆದ. ಆಮೇಲೆ ಅವನೇ ಹೊಸ ತುಂಡು ತೆಗೆದ. ಈ ಸಲ ಮೊದಲು ಚೌಕ, ಆಮೇಲೆ ಗುಮ್ಮಟ, ಕೊನೆಗೆ ಮಿನಾರು.

ಮಿನಾರಿಗೆ ಎಂಟು ಮುಖ, ಏಳು ಅಂತಸ್ತು. ದುಂಡು ಕಂಬವೆಂದು ತಿಳಿದು ಎಲ್ಲ ಕಿಟಕಿಯನ್ನೂ ಒಂದೇ ಅಗಲಕ್ಕೆ ತೆಗೆದರೆ ಅದು ಚಪ್ಪಟೆಯಾಗುತ್ತದೆ. ನಮ್ಮೆದುರಿನ ಮುಖದ ಕಿಟಕಿ ಅಗಲ, ಪಕ್ಕಕ್ಕೆ ತಿರುಗಿದ್ದು ಕಿರಿದು. ಇದನ್ನು ಅವನಿಗೆ ಹೇಳಬೇಕಾಗಲಿಲ್ಲ.

ಊರು ನೋಡಲು ಬಂದವರೊಬ್ಬರು ಹಿಂದೆ ನಿಂತು, “ಒಂದ ಫೋಟೋ ಹೊಡದ್ರ ಮುಗೀತಲ್ಲೋ ತಮ್ಮಾ” ಎಂದರು. ಹುಡುಗ ತಲೆ ಎತ್ತಲಿಲ್ಲ. ಸ್ಪೋಕ್ ಹಿಡಿದ ತೋಳು ಚಾಚಿಯೇ ಇತ್ತು.

ಹನ್ನೊಂದಕ್ಕೆ ಅಂಗಡಿಗೆ ಹೋಗಬೇಕಿತ್ತು. ಇದ್ದಿಲು ಉಜ್ಜಿ ಹೋಗದಂತೆ ಚಿತ್ರದ ಮೇಲೆ ಪತ್ರಿಕೆಯ ಹಾಳೆ ಇಟ್ಟು, ಸುರುಳಿ ಸುತ್ತದೆ ರಟ್ಟಿನ ನಡುವೆ ಕಟ್ಟಿಕೊಂಡ.

“ಬರೂ ಐತಾರ ಆ ಅರ್ಧಕ್ಕ ನಿಂತ ಗೋರಿ, ಬಾರಾಕಮಾನಿಗೆ ಹೋಗೂಣ್ರಿ ಸರ,” ಎಂದ. “ಅದಕ್ಕ ಗುಮ್ಮಟಾನ ಇಲ್ಲಲ್ರಿ.”