ತೊಗರಿ ಕೊಯ್ದ ಮೇಲೆ ಚಿಗರಿ: ಬೀದರ್, ಚಿಂಚೋಳಿ ಕಡೆ ಕಾಡುಪ್ರಾಣಿ ನೋಡುವ ಬಗೆ

ಪ್ರಾಣಿ ನೋಡಲು ನಮ್ಮ ಕಡೆ ಯಾವ ತಿಂಗಳು ಬರಬೇಕು ಎಂದು ಕೇಳುವವರಿಗೆ ಕ್ಯಾಲೆಂಡರ್ ತೋರಿಸಿ ಉಪಯೋಗವಿಲ್ಲ, ಹೊಲ ತೋರಿಸಬೇಕು. ತೊಗರಿ ಇನ್ನೂ ನಿಂತಿದೆಯೋ, ಕೊಯ್ಲು ಮುಗಿಯಿತೋ? ಬಿಳಿಜೋಳದ ರಾಶಿ ಆಯಿತೋ? ಹಳ್ಳದ ಯಾವ ಮಡುವಿನಲ್ಲಿ ನೀರು ಉಳಿದಿದೆ? ಇಷ್ಟು ಗೊತ್ತಾದರೆ ಯಾವ ಪ್ರಾಣಿ ಎಲ್ಲಿ ಸಿಕ್ಕೀತು ಎಂಬ ಅಂದಾಜು ತಾನಾಗಿ ಬರುತ್ತದೆ.

ಚಿಗರಿ, ಅಂದರೆ ಪುಸ್ತಕದ ಕೃಷ್ಣಮೃಗ, ದಟ್ಟ ಕಾಡಿನ ಪ್ರಾಣಿಯಲ್ಲ. ಅದಕ್ಕೆ ಬಯಲು ಬೇಕು. ಬೀದರ್ ಆಸುಪಾಸಿನ ಕೆಂಪು ಮುರಕಲ್ಲಿನ ಬಯಲು, ಹೊನ್ನಿಕೇರಿ ಕಡೆಯ ಹುಲ್ಲುಗಾವಲು, ಅದರಾಚೆ ಮೈಲುಗಟ್ಟಲೆ ಹಬ್ಬಿದ ಎರಿ ಹೊಲ ಅದರ ಮನೆ. ಮುಂಗಾರಿಗೆ ಬಿತ್ತಿದ ತೊಗರಿ ಅಕ್ಟೋಬರ್ ಹೊತ್ತಿಗೆ ಆಳೆತ್ತರಕ್ಕೆ ಬೆಳೆದಿರುತ್ತದೆ. ಭುಜದ ಬಳಿ ಸುಮಾರು 80 ಸೆಂ.ಮೀ. ಎತ್ತರದ ಚಿಗರಿಗಳ ಹಿಂಡು ಅದರೊಳಗೆ ಹೊಕ್ಕರೆ ಒಡ್ಡಿನ ಮೇಲೆ ನಿಂತವರಿಗೂ ಕಾಣುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ದು, ಫೆಬ್ರವರಿಯಲ್ಲಿ ಜೋಳದ ರಾಶಿಯೂ ಆದ ಮೇಲೆ ಬಯಲು ಬಿಚ್ಚಿಕೊಳ್ಳುತ್ತದೆ. ಅಲ್ಲಿಂದ ಮೊದಲ ದೊಡ್ಡ ಮಳೆಯವರೆಗೆ ನೋಡುವ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಿ ಹೊಲದ ದಾರಿಗೆ ಬೈಕು ಇಳಿಸಲೇಬಾರದು. ಒದ್ದೆ ಎರಿ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಇಪ್ಪತ್ತು ಹೆಜ್ಜೆಗೆ ಗಾಡಿ ನಿಲ್ಲುತ್ತದೆ. ನಡೆದರೂ ಅಷ್ಟೇ, ಒಂದೊಂದು ಬೂಟಿಗೂ ಸೇರುಗಟ್ಟಲೆ ಮಣ್ಣು. ಮಳೆಗಾಲದಲ್ಲಿ ಹೋಗುವುದಿದ್ದರೆ ಬೀದರಿನ ಕೆಂಪು ನೆಲವೇ ಲೇಸು, ನೀರು ಬೇಗ ಇಂಗುತ್ತದೆ.

ಹೊತ್ತಿನ ವಿಷಯದಲ್ಲಿ ರಾಜಿ ಬೇಡ. ಜನವರಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ, ಮೇ ತಿಂಗಳಲ್ಲಿ 5.45ರ ಆಸುಪಾಸು. ಅದಕ್ಕೆ ಅರ್ಧ ಗಂಟೆ ಮೊದಲೇ ಜಾಗ ಹಿಡಿದು ಕುಳಿತಿರಬೇಕು. ಒಂಬತ್ತೂವರೆ ದಾಟಿದರೆ ಬರಿ ನೆಲ ಕಾದು ಬಿಸಿಲುಗುದುರೆ ಕುಣಿಯತೊಡಗುತ್ತದೆ. ಆಗ ಎಷ್ಟು ದೊಡ್ಡ ದುರ್ಬೀನು ಹಿಡಿದರೂ 300 ಮೀಟರ್ ಆಚೆಯ ಪ್ರಾಣಿ ನೀರಿನಲ್ಲಿ ಅಲ್ಲಾಡಿದಂತೆ ಕಾಣುತ್ತದೆ. ಫೋಟೋ ಮಸುಕಾಯಿತು ಎಂದು ಲೆನ್ಸನ್ನು ಬಯ್ಯುವವರು ಹೆಚ್ಚಾಗಿ ಹತ್ತು ಗಂಟೆಗೆ ಬಂದವರು. ಸಂಜೆ ನಾಲ್ಕೂವರೆಯ ಮೇಲೆ ಮತ್ತೆ ಗಾಳಿ ತಿಳಿಯಾಗುತ್ತದೆ.

ದುರ್ಬೀನು 8×42 ಇದ್ದರೆ ಸಾಕು. ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜು 42 ಮಿ.ಮೀ. ಅಗಲ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಐದು ಮಿ.ಮೀ. ಚಿಲ್ಲರೆ ಕಣ್ಣಿಗೆ ಬೀಳುವ ಬೆಳಕಿನ ವೃತ್ತದ ಅಗಲ. ನಸುಕಿನ ಮಬ್ಬಿನಲ್ಲಿ ಕೆಲಸಕ್ಕೆ ಬರುವುದು ಅದೇ. ಅಂಗೈಯಲ್ಲಿ ಅಡಗುವ 10×25ರಲ್ಲಿ ಆ ವೃತ್ತ ಎರಡೂವರೆ ಮಿ.ಮೀ. ಮಾತ್ರ, ಕೈ ನಡುಕ ಬೇರೆ. ಕೊಂಡ ದಿನವೇ ಹೊಂದಿಸಿಕೊಳ್ಳಿ: ಬಲಗಡೆಯ ಗಾಜು ಮುಚ್ಚಿ, ನಡುವಿನ ತಿರುಪಿನಿಂದ ಎಡಗಣ್ಣಿಗೆ ದೂರದ ಕಂಬವೊಂದು ಸ್ಪಷ್ಟವಾಗುವಂತೆ ಮಾಡಿ. ಆಮೇಲೆ ಎಡಗಡೆ ಮುಚ್ಚಿ, ಬಲಗಣ್ಣಿನ ಬಳಿಯ ಬಳೆ ತಿರುಗಿಸಿ ಅದೇ ಕಂಬ ನೋಡಿ. ಮುಂದೆ ನಡುವಿನ ತಿರುಪು ಒಂದೇ ಸಾಕು. ಇದನ್ನು ಮಾಡದೆ ಅರ್ಧ ಗಂಟೆ ನೋಡಿದರೆ ತಲೆನೋವು ಖಂಡಿತ. ಕನ್ನಡಕದವರು ಕಣ್ಣಿನ ರಬ್ಬರನ್ನು ಒಳಕ್ಕೆ ಇಳಿಸಿಕೊಳ್ಳಬೇಕು.

ಬಯಲನ್ನು ಒಮ್ಮೆಲೇ ನೋಡಿದರೆ ಏನೂ ಕಾಣುವುದಿಲ್ಲ. ದಿಗಂತದಿಂದ ಶುರುಮಾಡಿ ಎಡದಿಂದ ಬಲಕ್ಕೆ ಒಂದು ಪಟ್ಟಿ, ಅದರ ಕೆಳಗೆ ಬಲದಿಂದ ಎಡಕ್ಕೆ ಇನ್ನೊಂದು, ಕುಂಟಿ ಹೊಡೆದಂತೆ ಸಾಲು ಹಿಡಿದು ಬನ್ನಿ. ಹುಡುಕಬೇಕಾದದ್ದು ಇಡೀ ಪ್ರಾಣಿಯನ್ನಲ್ಲ. ಕಂಟಿಗಳ ನಡುವೆ ಅಡ್ಡಲಾಗಿ ಓಡಿದ ಬೆನ್ನಿನ ಗೆರೆ, ಹೊಟ್ಟೆಯ ಬಿಳುಪು, ನೊಣಕ್ಕೆ ಅಲ್ಲಾಡಿದ ಕಿವಿ. ಹೆಣ್ಣುಗಳ ಬಣ್ಣ ಒಣಹುಲ್ಲಿನದೇ, ಕೊಂಬೂ ಇಲ್ಲ. ಕಪ್ಪು ಬೆನ್ನು, ಸುರುಳಿ ಕೊಂಬು ಬಲಿತ ಗಂಡಿನ ಗುರುತು. ಕಂದು ಮೈಗೆ ಕೊಂಬಿದ್ದರೆ ಅದು ಎಳೆಯ ಗಂಡು, ಬೇರೆ ಜಾತಿಯಲ್ಲ. ಕಪ್ಪು ವಯಸ್ಸಿನ ಜೊತೆಗೇ ಏರುತ್ತದೆ, ಋತುವಿನ ಜೊತೆ ಮಾಸುವುದೂ ಉಂಟು. ಹಿಂಡಿನಿಂದ ದೂರ ಒಂಟಿಯಾಗಿ ಒಂದೇ ತಾವಿನಲ್ಲಿ ನಿಂತ ಕಪ್ಪು ಗಂಡು ಕಂಡರೆ ಅದನ್ನೇ ಕಾಯಿರಿ. ಅದು ತನ್ನ ಎಲ್ಲೆ ಕಾಯುತ್ತಿರುತ್ತದೆ. ಇನ್ನೊಂದು ಗಂಡು ಬಂದರೆ ತಲೆ ಎತ್ತಿ, ಕೊಂಬನ್ನು ಬೆನ್ನಿಗೆ ಚಾಚಿ ನಡೆಯುವ ಆ ಗತ್ತನ್ನು ನೋಡಲು ಎಷ್ಟು ಹೊತ್ತು ಕುಳಿತರೂ ಸಾರ್ಥಕ.

ಚಿಗರಿ ನಂಬುವುದು ಕಣ್ಣನ್ನು. ಎತ್ತಿನ ಬಂಡಿ, ಟ್ರ್ಯಾಕ್ಟರ್, ದಿನಾ ಕಾಣುವ ರೈತ ಅದಕ್ಕೆ ರೂಢಿ. ಬಂಡಿ ದಾರಿಯಲ್ಲಿ ಹೋಗುತ್ತಿದ್ದ ಗಾಡಿ ಗಕ್ಕನೆ ನಿಂತು ಬಾಗಿಲು ತೆರೆದರೆ ಮಾತ್ರ ಹಿಂಡು ಹಾರುತ್ತದೆ. ಆದ್ದರಿಂದ ಹಿಂಡನ್ನು ದಾಟಿ ಸ್ವಲ್ಪ ಮುಂದೆ ಹೋಗಿ ನಿಧಾನಕ್ಕೆ ನಿಲ್ಲಿಸಿ, ಒಳಗೇ ಕುಳಿತು ನೋಡಿ. ಕಾಲ್ನಡಿಗೆಯಾದರೆ ನೇರ ಅದರ ಕಡೆ ಹೆಜ್ಜೆ ಹಾಕದೆ ಓರೆಯಾಗಿ ಸಾಗಬೇಕು, ಆಕಾಶಕ್ಕೆ ನಿಮ್ಮ ಆಕಾರ ಎದ್ದು ಕಾಣದಂತೆ ಒಡ್ಡಿನ ಮಗ್ಗುಲಲ್ಲೇ ಇರಬೇಕು. 150 ಮೀಟರಿಗಿಂತ ಹತ್ತಿರ ಹೋಗುವ ಅಗತ್ಯವೇ ಇಲ್ಲ. ಮೇಯುವುದು ಬಿಟ್ಟು ಎಲ್ಲ ತಲೆಗಳೂ ನಿಮ್ಮ ಕಡೆ ತಿರುಗಿದವು ಎಂದರೆ ನೀವು ಆಗಲೇ ಹತ್ತಿರವಾದಿರಿ, ಅಲ್ಲಿಯೇ ಕುಳಿತುಬಿಡಿ. ಬೈಕಿನಲ್ಲಿ ಬೆನ್ನಟ್ಟಿ ವಿಡಿಯೋ ಮಾಡುವುದು ಕೊಲೆಗೆ ಸಮ. ಹೆದರಿ ಮಿತಿ ಮೀರಿ ಓಡಿದ ಪ್ರಾಣಿಯ ಸ್ನಾಯುಗಳು ಹಾಳಾಗಿ, ಅಂದು ಉಳಿದರೂ ದಿನಗಳ ನಂತರ ಸಾಯಬಹುದು. ನಮ್ಮ ಹೊಲಗಳಲ್ಲಿ ಕಟ್ಟೆಯಿಲ್ಲದ ಬಾವಿಗಳಿವೆ. ಕಂಗೆಟ್ಟ ಹಿಂಡು ಅತ್ತ ನುಗ್ಗುವ ಅಪಾಯವೂ ಇದೆ. ಹಿಂಡಿಗೂ ಅದು ತಪ್ಪಿಸಿಕೊಳ್ಳುವ ದಿಕ್ಕಿಗೂ ನಡುವೆ ಎಂದೂ ನಿಲ್ಲಬೇಡಿ.

ಹೊಲಕ್ಕೆ ಕಾಲಿಡುವ ಮುನ್ನ ಒಡೆಯರನ್ನು ಕೇಳಬೇಕು. “ಕಾಕಾ, ಈ ಕಡಿ ಚಿಗರಿ ಬರ್ತಾವೇನ್ರಿ? ಒಡ್ಡಿನ ಮ್ಯಾಲೆ ಕುಂತು ನೋಡ್ಲೇನ್ರಿ?” ಎಂದರೆ ಬೇಡ ಅನ್ನುವವರು ಕಡಿಮೆ. ಎಳೆ ತೊಗರಿ, ಕಡಲೆಯ ಕುಡಿ, ಜೋಳದ ಮೊಳಕೆ ಕಳೆದುಕೊಂಡ ರೈತನ ಸಿಟ್ಟು ಸುಳ್ಳಲ್ಲ. ಅವರ ಮುಂದೆ ಚಿಗರಿಯ ಚೆಲುವು ಹೊಗಳುವುದಕ್ಕಿಂತ ಬೆಳೆ ತುಳಿಯದೆ ನಡೆಯುವುದು ಮುಖ್ಯ. ಕುಸುಬಿ ಹೊಲದಲ್ಲಂತೂ ಮುಳ್ಳೇ ನಿಮ್ಮನ್ನು ತಡೆಯುತ್ತದೆ.

ಚಿಂಚೋಳಿಯದು ಬೇರೆಯೇ ಲೋಕ. ಕಲಬುರಗಿಯಿಂದ ಸುಮಾರು 85 ಕಿ.ಮೀ. ದೂರ, ತೆಲಂಗಾಣದ ಗಡಿಗೆ ಅಂಟಿದ ಗುಡ್ಡಗಾಡು. 2011ರಲ್ಲಿ 134.88 ಚದರ ಕಿ.ಮೀ. ಪ್ರದೇಶ ವನ್ಯಜೀವಿಧಾಮವಾಯಿತು, ದಕ್ಷಿಣ ಭಾರತದಲ್ಲಿ ಒಣಭೂಮಿಯ ಮೊದಲ ವನ್ಯಜೀವಿಧಾಮ ಎಂದು ಇದನ್ನು ಗುರುತಿಸುತ್ತಾರೆ. ಚಂದ್ರಂಪಳ್ಳಿ ಜಲಾಶಯದ ನೀರು, ಸುತ್ತ ಗುಡ್ಡ, ಗೊಟ್ಟಂಗೊಟ್ಟದ ಕಣಿವೆ, ಎತ್ತಿಪೋತ ಜಲಪಾತ, ಕುಂಚಾವರಂ ಕಡೆಯ ತೇಗ ಮತ್ತು ರಕ್ತಚಂದನ. ಬಂಡೀಪುರದ ಲೆಕ್ಕ ಇಟ್ಟುಕೊಂಡು ಬಂದವರಿಗೆ ಇಲ್ಲಿ ಆನೆ ಸಿಗುವುದಿಲ್ಲ. ಇಲ್ಲಿರುವುದು ಕೊಂಡುಕುರಿ. ಜಗತ್ತಿನ ಕಾಡುಪ್ರಾಣಿಗಳಲ್ಲಿ ಗಂಡಿಗೆ ನಾಲ್ಕು ಕೊಂಬು ಇರುವುದು ಇದಕ್ಕೊಂದಕ್ಕೇ. ತೂಕ 20 ಕೆ.ಜಿ. ಆಸುಪಾಸು, ಮುಂದಿನ ಜೋಡಿ ಕೊಂಬು ಮೊಳಕೆಯಷ್ಟು. ಹಿಂಡು ಕಟ್ಟುವುದಿಲ್ಲ, ಒಂಟಿ ಅಥವಾ ಜೋಡಿ. ಹುಲ್ಲು, ಪೊದೆಯ ಮರೆ ಬಿಟ್ಟು ಹೊರಬರುವುದೇ ಅಪರೂಪ. ಆದರೆ ಅದಕ್ಕೆ ನೀರು ಬೇಕು, ನೀರಿನಿಂದ ಬಹಳ ದೂರ ಇರುವುದಿಲ್ಲ. ಆದ್ದರಿಂದ ಮಾರ್ಚ್ ನಂತರ, ಎಲೆ ಉದುರಿ ಕಾಡು ಬೋಳಾದಾಗ, ನೀರು ಉಳಿದ ಹಳ್ಳದ ಮೇಲ್ಗಡೆ ಎತ್ತರದಲ್ಲಿ ಕೂರುವುದೊಂದೇ ದಾರಿ. ನೀರಿನ ಅಂಚಿನಲ್ಲಿ ಕುಳಿತರೆ ನೀವೇ ಅದರ ಬಾಯಾರಿಕೆಗೆ ಅಡ್ಡ. ಚಿಗರಿಯಂತೆ ಬಯಲಿನಲ್ಲಿ ಕಣ್ಣಿಟ್ಟು ಬದುಕುವ ಪ್ರಾಣಿ ಇದಲ್ಲ. ಸದ್ದು, ವಾಸನೆ ಎರಡರಲ್ಲೂ ಎಚ್ಚರ ಬೇಕು. ಒಂದು ಚಿಟಿಕೆ ಧೂಳು ಕೈಯಿಂದ ಬಿಟ್ಟು ನೋಡಿ: ಅದು ನೀರಿನ ಕಡೆ ಹಾರಿದರೆ ಜಾಗ ಬದಲಿಸಿ. ಗುಡ್ಡದ ಇಳಿಜಾರಿನಲ್ಲಿ ಹೊತ್ತೇರಿದಂತೆ ಗಾಳಿ ಮೇಲಕ್ಕೆ ತಿರುಗುತ್ತದೆ, ಆಗಾಗ ನೋಡುತ್ತಿರಬೇಕು. ಒಂದೇ ಕಡೆ ಮತ್ತೆ ಮತ್ತೆ ಹಿಕ್ಕೆ ಹಾಕಿದ ಗುಡ್ಡೆ ಸಿಕ್ಕರೆ ಅದು ಸುಳಿದಾಡುವ ತಾವು ಅದೇ.

ಅಭಯಾರಣ್ಯದೊಳಗೆ ಹೋಗಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಮೊದಲು ಅರಣ್ಯ ಇಲಾಖೆಯ ಕಚೇರಿ, ಆಮೇಲೆ ಕಾಡು. ತಲೆಗೆ 4 ಲೀಟರ್ ನೀರು, ಖಟಕ್ ರೊಟ್ಟಿ, ಶೇಂಗಾ ಹಿಂಡಿ, ಕಣಕಾಲು ಮುಚ್ಚುವ ಬೂಟು. ಕೊಳಕುಮಂಡಲ ಒಣ ಎಲೆಯಲ್ಲಿ ಮಲಗಿದ್ದರೆ ಕಾಣುವುದಿಲ್ಲ. ಬೀಡಿ, ಕಡ್ಡಿಪೆಟ್ಟಿಗೆ ಬೇಡವೇ ಬೇಡ. ಫೆಬ್ರವರಿಯಿಂದ ಆ ಹುಲ್ಲು ಮದ್ದಿನಂತೆ ಹೊತ್ತಿಕೊಳ್ಳುತ್ತದೆ.

ಪ್ರಾಣಿ ಕಾಣದ ದಿನ ಹಳ್ಳದ ಕೆಸರು ಓದಿ. ಅಳತೆಗೆ ಹತ್ತು ರೂಪಾಯಿ ನಾಣ್ಯ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ, ಅದರ ಅಗಲ 27 ಮಿ.ಮೀ. ಚಿಗರಿಯ ಗೊರಸಿನ ತುದಿ ಚೂಪು, ಮೇಕೆಯದು ಮೊಂಡು. ಕಾಡುಹಂದಿಯ ಗುರುತಿನ ಹಿಂದೆ ಎರಡು ಚಿಕ್ಕ ಚುಕ್ಕೆ ಮೂಡಿರುತ್ತವೆ. ಕತ್ತೆಕಿರುಬದ ಮುಂಗಾಲು ಹಿಂಗಾಲಿಗಿಂತ ಎದ್ದು ಕಾಣುವಷ್ಟು ದೊಡ್ಡದು. ಮೂಳೆ ತಿನ್ನುವುದರಿಂದ ಅದರ ಹಿಕ್ಕೆ ಒಣಗಿದಾಗ ಸುಣ್ಣದಂತೆ ಬಿಳಿ. ತೋಳ ಮತ್ತು ನಾಯಿಯ ಹೆಜ್ಜೆಯನ್ನು ಒಂದೇ ಗುರುತಿನಿಂದ ಬೇರ್ಪಡಿಸಲು ಹೋಗಬೇಡಿ. ಸಾಲು ನೋಡಿ: ತೋಳ ದಾರಿ ಹಿಡಿದರೆ ನೂಲು ಹಿಡಿದಂತೆ ನೇರ, ನಾಯಿ ಅತ್ತಿತ್ತ ಮೂಸುತ್ತ ಅಲೆಯುತ್ತದೆ.

ತೋಳದ ಸುದ್ದಿ ಗೊತ್ತಿರುವುದು ಕುರಿಗಾಹಿಗಳಿಗೆ. ಅವರ ಹಟ್ಟಿಯ ಹತ್ತಿರ ನಾಯಿಗಳು ಮೇಲೆ ಬಂದರೆ ಓಡದೆ ನಿಂತು ಕೂಗಿ ಕರೆಯಿರಿ. ಚಳಿಗಾಲದಲ್ಲಿ ತೋಳ ಗವಿಯಲ್ಲಿ ಮರಿ ಹಾಕುತ್ತದೆ. ಗವಿ ಗೊತ್ತಾದರೆ ಹತ್ತಿರ ಹೋಗಬೇಡಿ. ಮನುಷ್ಯನ ವಾಸನೆ ಹತ್ತಿದರೆ ತಾಯಿ ಮರಿಗಳನ್ನು ಬೇರೆಡೆ ಹೊರಬೇಕಾಗುತ್ತದೆ. ರಾತ್ರಿ ಬೆಳಕು ಬಿಟ್ಟು ಹುಡುಕುವುದು ಬೇಟೆಗಾರರ ಪದ್ಧತಿ, ಅದು ನಮಗೆ ಬೇಡ.

ಹುಲ್ಲಿನಲ್ಲಿ ಚಿಗರಿಯ ಮರಿ ಮಿಸುಕದೆ ಮಲಗಿದ್ದರೆ ಅದು ಅನಾಥವಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿ ಅದನ್ನು ಬಚ್ಚಿಟ್ಟು ಮೇಯಲು ಹೋಗಿ, ಹಾಲೂಡಲು ಬರುತ್ತದೆ. ಎತ್ತಿ ಊರಿಗೆ ತಂದರೆ ಅಲ್ಲಿಗೆ ಆ ಮರಿಯ ಕಾಡು ಮುಗಿಯಿತು. ಗಾಯವಾಗಿದ್ದರೆ ಅಥವಾ ಬೀದಿನಾಯಿಗಳು ಮುತ್ತಿದ್ದರೆ ನಾಯಿಗಳನ್ನು ಅಟ್ಟಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಫೋಟೋ ಹಂಚುವಾಗ ಜಿಲ್ಲೆಯ ಹೆಸರಷ್ಟೇ ಸಾಕು. ಫೋನಿನ ಕ್ಯಾಮೆರಾದಲ್ಲಿ ಜಾಗದ ಗುರುತು ದಾಖಲಾಗುವುದನ್ನು ಮನೆ ಬಿಡುವ ಮೊದಲೇ ನಿಲ್ಲಿಸಿಕೊಳ್ಳಿ, ಗವಿಯ ಚಿತ್ರವನ್ನಂತೂ ಯಾರಿಗೂ ಕಳಿಸಬೇಡಿ.