ಇಂಡಿಕೇಟರ್ ಅಂತ ವೈಪರ್ ಹಾಕಿದವನ ಅನುಭವ

ಬಿಸಿಲು ಸುಡುತ್ತಿರುವ ಮಧ್ಯಾಹ್ನ, ಒಣಗಾಜಿನ ಮೇಲೆ ವೈಪರ್ ಕಿರ್ರ್ ಅನ್ನಿಸಿಕೊಂಡು ಎಡಕ್ಕೆ ತಿರುಗುವ ಕಾರು ಕಂಡರೆ ನಗಬೇಡಿ. ಒಳಗೆ ನನ್ನಂಥ ಆಕ್ಟಿಂಗ್ ಡ್ರೈವರ್ ಇರಬಹುದು.

ಬೆಂಗಳೂರಿನವರಿಗೆ ಈ ಕೆಲಸ ಗೊತ್ತು. ಗಾಡಿ ಓನರ್‌ದು, ಓಡಿಸುವುದು ನಾವು. ಇವತ್ತು ಲೋಕಲ್ ಡ್ಯೂಟಿ, ನಾಳೆ ಔಟ್‌ಸ್ಟೇಷನ್, ಆಮೇಲೆ ಬೇರೆ ಮನೆ, ಬೇರೆ ಕೀ. ಸೋಮವಾರ ಸ್ವಿಫ್ಟ್, ಮಂಗಳವಾರ ಇನ್ನೋವಾ, ಬುಧವಾರ ಯಾರದೋ ಹೊಸ ಸ್ಕೋಡಾ. ಕ್ಲಚ್ಚು, ಬ್ರೇಕು ಹತ್ತು ನಿಮಿಷದಲ್ಲಿ ಕಾಲಿಗೆ ಹೊಂದಿಕೊಳ್ಳುತ್ತವೆ. ಕೈಕೊಡುವುದು ಸ್ಟೀರಿಂಗ್ ಹಿಂದಿನ ಎರಡು ಲಿವರ್. ಮಾರುತಿ, ಹ್ಯುಂಡೈ, ಟೊಯೋಟಾ ಗಾಡಿಗಳಲ್ಲಿ ಇಂಡಿಕೇಟರ್ ಬಲಗೈಗೆ ಸಿಗುತ್ತದೆ. ಸ್ಕೋಡಾ, ಫೋಕ್ಸ್‌ವ್ಯಾಗನ್‌ನಲ್ಲಿ ಎಡಗೈಗೆ. ತಪ್ಪು ಲಿವರ್ ಒತ್ತಿದರೆ ವೈಪರ್ ಆಡುತ್ತದೆ, ಓನರ್ ನಗುತ್ತಾರೆ, ಅಷ್ಟೇ ಅಂದುಕೊಂಡಿದ್ದೆ.

ಒಂದು ದಿನ ಹಾಗಾಗಲಿಲ್ಲ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಒಂದು ದುಬಾರಿ ಜರ್ಮನ್ ಕಾರು. ಮಂಡ್ಯ ಬೈಪಾಸ್ ದಾಟಿ ಎಡಗಡೆ ಲೇನ್‌ಗೆ ಬರೋಣ ಅಂತ ಅಭ್ಯಾಸಬಲದಿಂದ ಬಲಗೈ ಲಿವರನ್ನು ಮೇಲಕ್ಕೆ ತಳ್ಳಿದೆ. ಇಂಡಿಕೇಟರ್ ಬರಲಿಲ್ಲ, ವೈಪರ್ ಕೂಡ ಆಡಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಸುಮ್ನೆ ಗುರ್ ಅನ್ನುತ್ತಿದೆ, ಗಾಡಿ ಎಳೆಯುತ್ತಿಲ್ಲ. ಮೀಟರ್ ನೋಡಿದರೆ ಡಿ ಇದ್ದ ಜಾಗದಲ್ಲಿ ಎನ್. ಆ ಗಾಡಿಯಲ್ಲಿ ಬಲಗಡೆ ಲಿವರೇ ಗೇರು! ತೊಂಬತ್ತರ ಸ್ಪೀಡಿನಲ್ಲಿ ನ್ಯೂಟ್ರಲ್ ಮಾಡಿಕೊಂಡು, ಇಂಡಿಕೇಟರ್ ಇಲ್ಲದೆ ಅರ್ಧ ಪಕ್ಕದ ಲೇನಿಗೆ ಬಂದಿದ್ದೆ. ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಹಿಡಿದ. ಓನರ್ ಫೋನಿನಿಂದ ತಲೆ ಎತ್ತಿ "ಏನಾಯ್ತು?" ಅಂದರು. "ಏನಿಲ್ಲ ಸಾರ್" ಅಂದೆ. ಅಂಗೈ ಒದ್ದೆಯಾಗಿತ್ತು.

ಆವತ್ತಿನಿಂದ ಒಂದು ರೂಢಿ. ಕೀ ಕೈಗೆ ಬಂದ ಮೇಲೆ ಎರಡು ನಿಮಿಷ ಗಾಡಿ ಕದಲಿಸುವುದಿಲ್ಲ. ಇಂಡಿಕೇಟರ್ ಯಾವ ಕೈ, ಹೆಡ್‌ಲೈಟ್ ಲಿವರ್‌ನಲ್ಲೋ ಡ್ಯಾಶ್‌ಬೋರ್ಡಿನ ತಿರುಗುಗುಂಡಿಯಲ್ಲೋ, ಡಿಮ್ ಡಿಪ್ ಎಳೆಯುವುದೋ ತಳ್ಳುವುದೋ, ಎಲ್ಲ ಒಂದೊಂದು ಸಲ ಹಾಕಿ ನೋಡುತ್ತೇನೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಇದಕ್ಕೆ ಒಳ್ಳೆಯ ಜಾಗ. ಎದುರು ಗೋಡೆಯ ಮೇಲೆ ಹೆಡ್‌ಲೈಟ್ ಬೀಳುತ್ತದೆ, ಹಿಂದಿನ ಗೋಡೆಯಲ್ಲಿ ಬ್ರೇಕ್ ಲೈಟಿನ ಕೆಂಪು ಕನ್ನಡಿಯೊಳಗೇ ಕಾಣುತ್ತದೆ. ಇಳಿಯುವುದೂ ಬೇಕಿಲ್ಲ. ಇಂಡಿಕೇಟರಿನ ಟಿಕ್ ಟಿಕ್ ಒಂದು ಕಡೆ ಮಾತ್ರ ಗಡಿಬಿಡಿಯಲ್ಲಿ ಬಡಿದುಕೊಂಡರೆ ಆ ಕಡೆಯ ಒಂದು ಬಲ್ಬ್ ಹೋಗಿದೆ ಅಂತ ಬಹುತೇಕ ಲೆಕ್ಕ.

ಲಿವರ್ ಸಿಕ್ಕಿದ ಮೇಲೂ ಕಥೆ ಮುಗಿಯುವುದಿಲ್ಲ. ಈಗಿನ ಗಾಡಿಗಳಲ್ಲಿ ಲಿವರ್ ಹಗುರವಾಗಿ ತಟ್ಟಿದರೆ ಇಂಡಿಕೇಟರ್ ಮೂರು ಸಲ ಮಿನುಗಿ ತಾನೇ ನಿಲ್ಲುತ್ತದೆ. ನನಗೂ ಅದೇ ಚಟ ಹತ್ತಿತ್ತು. ಆಮೇಲೆ ಲೆಕ್ಕ ಹಾಕಿದೆ. ಮೂರು ಮಿನುಗಿಗೆ ಹೆಚ್ಚೂ ಕಡಿಮೆ ಎರಡು ಸೆಕೆಂಡ್. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ಮಿತಿ ಗಂಟೆಗೆ 100 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಹಿಂದಿನವನು ನನ್ನ ಇಂಡಿಕೇಟರ್ ನೋಡಿ, ಅರ್ಥ ಮಾಡಿಕೊಂಡು, ಕಾಲು ಬ್ರೇಕಿಗೆ ತರುವಷ್ಟರಲ್ಲಿ ಆ ಎರಡು ಸೆಕೆಂಡೂ ಮುಗಿದು ಅವನು 55 ಮೀಟರ್ ಮುಂದೆ ಬಂದಿರುತ್ತಾನೆ. ಅದಕ್ಕೇ ಹೈವೇಯಲ್ಲಿ ಲಿವರ್ ಪೂರ್ತಿ ಒತ್ತುತ್ತೇನೆ. ಮೊದಲು ಕನ್ನಡಿ, ಆಮೇಲೆ ಇಂಡಿಕೇಟರ್, ನಾಲ್ಕೈದು ಮಿನುಗು ಬಿಟ್ಟು ಮತ್ತೆ ಕನ್ನಡಿ, ಆಮೇಲೆ ಸ್ಟೀರಿಂಗ್. ಲೇನ್‌ಗೆ ಬಂದ ಮೇಲೆ ಕೈಯಾರೆ ಆಫ್. ಲೇನ್ ಬದಲಿಸುವಾಗ ಸ್ಟೀರಿಂಗ್ ತಿರುಗುವುದೇ ಕಮ್ಮಿ, ಹಾಗಾಗಿ ಎಷ್ಟೋ ಸಲ ಅದು ತಾನಾಗಿ ಆಫ್ ಆಗುವುದಿಲ್ಲ. ಇಂಡಿಕೇಟರ್ ಹಾಕಿಕೊಂಡೇ ಹತ್ತು ಕಿಲೋಮೀಟರ್ ಹೋಗುವವರನ್ನು ನೀವೂ ನೋಡಿರುತ್ತೀರಿ ಅಲ್ವಾ?

ಲಾರಿಯವರ ಬಲಗಡೆ ಇಂಡಿಕೇಟರ್ ಬೇರೆಯೇ ಭಾಷೆ. ಹಾಸನದಿಂದ ಬೇಲೂರಿಗೆ ಹೋಗುತ್ತಿದ್ದಾಗ ಮುಂದಿದ್ದ ಲಾರಿ ಬಲ ಇಂಡಿಕೇಟರ್ ಹಾಕಿತು. ನಮ್ಮ ಕಡೆ ಎಷ್ಟೋ ಲಾರಿ ಡ್ರೈವರ್‌ಗಳು ಹಾಗೆ ಹಾಕಿದರೆ "ಮುಂದೆ ಖಾಲಿ ಇದೆ, ಹೋಗಪ್ಪ" ಅಂತ ಅರ್ಥ. ನಾನು ಥ್ಯಾಂಕ್ಸ್ ಅಂತ ಸಣ್ಣ ಹಾರ್ನ್ ಕೊಟ್ಟು ಬಲಕ್ಕೆ ಎಳೆದೆ. ಲಾರಿಯೂ ಬಲಕ್ಕೆ ಬಂತು. ಅವನು ನಿಜವಾಗಿಯೂ ಬಲಕ್ಕೆ, ಕಾಫಿ ತೋಟದ ಮಣ್ಣಿನ ದಾರಿಗೆ ತಿರುಗುತ್ತಿದ್ದ. ಪುಸ್ತಕದ ಪ್ರಕಾರ ಇಂಡಿಕೇಟರ್ ಹಾಕಿದ್ದ ಅವನದೇ ಸರಿ. ಬ್ರೇಕ್ ಮೇಲೆ ನಿಂತು, ಗಾಡಿಯ ಮೂತಿ ಲಾರಿಯ ಹಿಂದಿನ ಚಕ್ರಕ್ಕೆ ಒಂದು ಮೊಳ ಬಿಟ್ಟು ನಿಂತಿತು. ಆ ಚಕ್ರದ ನಟ್ಟುಗಳಿಗೆ ಹಳದಿ ಬಣ್ಣ ಬಳಿದಿದ್ದರು, ಇವತ್ತಿಗೂ ನೆನಪಿದೆ. ಈಗ ಲಾರಿ ಬಲ ಇಂಡಿಕೇಟರ್ ಹಾಕಿದರೆ ಅದನ್ನು ಬರೀ "ಏನೋ ಆಗಲಿದೆ" ಅಂತ ಓದುತ್ತೇನೆ. ಸ್ಪೀಡ್ ಕಮ್ಮಿ ಮಾಡಿ ಅವನ ಮುಂದಿನ ಚಕ್ರ ಎತ್ತ ತಿರುಗುತ್ತಿದೆ, ಬಲಗಡೆ ದಾರಿಯೋ ಬಂಕೋ ಇದೆಯಾ ನೋಡುತ್ತೇನೆ. ಎದುರಿನ ರಸ್ತೆ ನನ್ನ ಕಣ್ಣಿಗೇ ಖಾಲಿ ಕಂಡರೆ ಮಾತ್ರ ಓವರ್‌ಟೇಕ್. ಹಾಗೇ ನಾನು ಯಾರಿಗೂ ಇಂಡಿಕೇಟರ್‌ನಲ್ಲಿ ದಾರಿ ಬಿಡುವುದಿಲ್ಲ.

ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಸರ್ಕಲ್‌ನಲ್ಲಿ ನೇರ ಹೋಗುವವರ ಬಗ್ಗೆ ಒಂದೇ ಮಾತು. ಪಕ್ಕದ ಬೈಕಿನವನಿಗೆ ನಿಮ್ಮ ಒಂದು ಕಡೆಯ ದೀಪ ಮಾತ್ರ ಕಾಣುತ್ತದೆ. ಅವನ ಪಾಲಿಗೆ ನೀವು ಅವನ ಕಡೆಗೇ ತಿರುಗುತ್ತಿದ್ದೀರಿ.

ಇನ್ನು ಕ್ರೂಸ್ ಕಂಟ್ರೋಲ್. ಒಂದು ಸ್ಪೀಡ್ ಸೆಟ್ ಮಾಡಿದರೆ ಆಕ್ಸಿಲರೇಟರ್ ಒತ್ತದೆಯೇ ಗಾಡಿ ತಾನೇ ಅದೇ ಸ್ಪೀಡಿನಲ್ಲಿ ಹೋಗುತ್ತದೆ. ಓನರ್‌ಗಳಿಗೆ ಇದು ಬಹಳ ಇಷ್ಟ. "ಕ್ರೂಸ್ ಹಾಕ್ಬಿಡಿ, ಆರಾಮಾಗಿ ಹೋಗೋಣ" ಅನ್ನುತ್ತಾರೆ. ನಿಜವಾಗಿ ಒಳ್ಳೆಯದೇ. ಖಾಲಿ ರಸ್ತೆಯಲ್ಲಿ ಕಾಲಿಗೆ ಬಿಡುವು, ಗೊತ್ತಿಲ್ಲದೆ ಸ್ಪೀಡ್ ಏರುವುದೂ ತಪ್ಪುತ್ತದೆ. ಆದರೆ ಅದರ ಮೂರು ಗುಂಡಿಗಳಲ್ಲಿ ನನಗೆ ಭಯ ಇರುವುದು ಒಂದೇ ಗುಂಡಿಗೆ, ರೆಸ್ಯೂಮ್. ಒತ್ತಿದರೆ ಗಾಡಿ ಮೊದಲು ಸೆಟ್ ಮಾಡಿದ್ದ ಸ್ಪೀಡಿಗೇ ಮತ್ತೆ ಹೋಗುತ್ತದೆ.

ಒಮ್ಮೆ ಎಕ್ಸ್‌ಪ್ರೆಸ್‌ವೇಯಲ್ಲಿ 95ಕ್ಕೆ ಸೆಟ್ ಮಾಡಿದ್ದೆ. ಚನ್ನಪಟ್ಟಣದಲ್ಲಿ ಬೊಂಬೆ ಕೊಳ್ಳಬೇಕು ಅಂದರು ಅಮ್ಮ. ಬ್ರೇಕ್ ಒತ್ತಿದೆ, ಕ್ರೂಸ್ ಬಿಟ್ಟಿತು, ಇಳಿದು ಹಳೇ ರಸ್ತೆಗೆ ಬಂದೆವು. ಬ್ರೇಕ್ ಒತ್ತಿದರೆ ಕ್ರೂಸ್ ಬಿಡುತ್ತದೆ, ಆದರೆ 95 ಅನ್ನುವ ನಂಬರನ್ನು ಮರೆಯುವುದಿಲ್ಲ. ಊರೊಳಗೆ ನಲವತ್ತೈದರಲ್ಲಿ ಹೋಗುವಾಗ ಫೋನ್ ಬಂತು. ಹಾಡಿನ ಸೌಂಡ್ ಕಮ್ಮಿ ಮಾಡಲು ಹೆಬ್ಬೆರಳು ಇಟ್ಟೆ. ಅದು ಹೋಗಿ ಕೂತದ್ದು ರೆಸ್ಯೂಮ್ ಮೇಲೆ. ಗಾಡಿ ಒಮ್ಮೆಲೇ ಎದೆ ಸೆಟೆದು ಮುಂದೆ ನುಗ್ಗಿತು. ನನ್ನ ಕಾಲು ಎಲ್ಲೂ ಇಲ್ಲ, ಗಾಡಿ ತಾನೇ ಓಡುತ್ತಿದೆ! ಅರ್ಧ ಸೆಕೆಂಡ್ ಏನಾಗುತ್ತಿದೆ ಅಂತಲೇ ತಿಳಿಯಲಿಲ್ಲ. ಮುಂದೆ ಬಾಳೆಗೊನೆ ತುಂಬಿದ ಒಂದು ಆಟೋ. ಬ್ರೇಕ್ ಒತ್ತಿದೆ, ನಿಂತಿತು. ಬೇರೇನೂ ಆಗಲಿಲ್ಲ. ಈಗ ಹೈವೇ ಬಿಟ್ಟ ತಕ್ಷಣ ಕ್ರೂಸಿನ ಮೇನ್ ಸ್ವಿಚ್ಚನ್ನೇ ಆಫ್ ಮಾಡುತ್ತೇನೆ. ಹೆಚ್ಚಿನ ಗಾಡಿಗಳಲ್ಲಿ ಹಾಗೆ ಮಾಡಿದರೆ ಹಳೇ ನಂಬರ್ ಅಳಿಸಿಹೋಗುತ್ತದೆ.

ಮಳೆಯಲ್ಲಿ ಕ್ರೂಸ್ ಹಾಕುವುದೇ ಇಲ್ಲ. ನಿಂತ ನೀರಿನ ಮೇಲೆ ಟೈರ್ ತೇಲಿದರೆ ನಮ್ಮ ಕಾಲಿಗೆ ಅದು ಗೊತ್ತಾಗುತ್ತದೆ, ತಾನಾಗಿ ಆಕ್ಸಿಲರೇಟರ್ ಬಿಡುತ್ತೇವೆ. ಕ್ರೂಸ್‌ಗೆ ಗೊತ್ತಿರುವುದು ಸೆಟ್ ಮಾಡಿದ ನಂಬರ್ ಒಂದೇ. ಇಳಿಜಾರಿನಲ್ಲೂ ಸಾದಾ ಕ್ರೂಸ್ ನಂಬಬಾರದು. ಅದು ಆಕ್ಸಿಲರೇಟರ್ ಬಿಡುತ್ತದೆ, ಬಹಳಷ್ಟು ಗಾಡಿಗಳಲ್ಲಿ ಬ್ರೇಕ್ ಹಾಕುವುದಿಲ್ಲ. 80 ಸೆಟ್ ಮಾಡಿದ್ದರೂ ಮೀಟರ್ 90 ದಾಟುತ್ತದೆ.

ಮುಂದಿನ ಗಾಡಿ ನೋಡಿಕೊಂಡು ತಾನೇ ಸ್ಪೀಡ್ ಹೆಚ್ಚು ಕಮ್ಮಿ ಮಾಡುವ ಅಡಾಪ್ಟಿವ್ ಕ್ರೂಸ್ ಈಗ ಎಷ್ಟೋ ಗಾಡಿಗಳಲ್ಲಿದೆ. ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೋಗುವಾಗ ಅದರ ಗುಣ ಗೊತ್ತಾಯಿತು. ಒಂದು ಬಿಳಿ ಕಾರಿನ ಹಿಂದೆ ಎಪ್ಪತ್ತರಲ್ಲಿ ಹೋಗುತ್ತಿದ್ದೆ, ಸೆಟ್ ಮಾಡಿದ್ದು ತೊಂಬತ್ತು. ಬಿಳಿ ಕಾರು ಸರಕ್ಕನೆ ಬಲಗಡೆ ಲೇನ್‌ಗೆ ಹೋಯಿತು. ಯಾಕೆ ಹೋಯಿತು ಅಂದರೆ ಅದರ ಮುಂದೆ ಎಡ ಲೇನಿನಲ್ಲಿ ಪಂಕ್ಚರ್ ಆದ ಲಾರಿ ನಿಂತಿತ್ತು. ನನ್ನ ಗಾಡಿಗೆ ಕಂಡಿದ್ದು ಬಿಳಿ ಕಾರು ಹೋಯಿತು, ರಸ್ತೆ ಖಾಲಿ ಅನ್ನುವುದು ಮಾತ್ರ. ತೊಂಬತ್ತಕ್ಕೆ ಏರಲು ಶುರು ಮಾಡಿತು. ನಿಂತ ಗಾಡಿಯನ್ನು ಈ ಸಿಸ್ಟಮ್‌ಗಳು ಕೆಲವು ಸಲ ಗುರುತಿಸುವುದಿಲ್ಲ ಅಂತ ಗಾಡಿಯ ಮ್ಯಾನ್ಯುಯಲ್‌ನಲ್ಲೇ ಬರೆದಿರುತ್ತಾರೆ, ನಾನು ಓದಿದ್ದು ಆ ರಾತ್ರಿ ಲಾಡ್ಜಿನಲ್ಲಿ. ನನ್ನ ಕಾಲು ಬ್ರೇಕಿನ ಹತ್ತಿರ ಇದ್ದಿದ್ದಕ್ಕೆ ಬಚಾವ್. ಕ್ರೂಸ್ ಹಾಕಿದಾಗ ಕಾಲು ಮಡಚಿ ಸೀಟಿನ ಕಡೆ ಎಳೆದುಕೊಳ್ಳುವ ಡ್ರೈವರ್‌ಗಳಿದ್ದಾರೆ. ನಾನೂ ಹಾಗೇ ಕೂರುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಲೈಟಿನ ವಿಷಯದಲ್ಲಿ ನನಗೆ ಬುದ್ಧಿ ಹೇಳಿದ್ದು ಒಬ್ಬ ಹಾಲಿನ ಗಾಡಿಯವನು. ಸಂಜೆ ಏಳರ ಹೊತ್ತು, ತುಮಕೂರು ಕಡೆಯಿಂದ ಬೆಂಗಳೂರಿಗೆ ಬರುತ್ತಿದ್ದೆ. ಟೋಲ್ ಕ್ಯೂನಲ್ಲಿ ಪಕ್ಕಕ್ಕೆ ಬಂದು ಗಾಜು ತಟ್ಟಿದ. "ಅಣ್ಣಾ, ಹಿಂದೆ ದೀಪಾನೇ ಇಲ್ಲ ನಿಂಗೆ. ಹತ್ರ ಬಂದ್ಮೇಲೇ ಕಂಡಿದ್ದು." ನನಗೆ ನಂಬಿಕೆ ಬರಲಿಲ್ಲ. ಮುಂದೆ ಬಿಳಿ ಬೆಳಕಿದೆ, ಮೀಟರ್ ಝಗಮಗ ಹೊಳೆಯುತ್ತಿದೆ, ಮತ್ತಿನ್ನೇನು? ಆದರೆ ಮುಂದಿದ್ದದ್ದು ಹಗಲು ದೀಪ, ಡಿಆರ್‌ಎಲ್. ಬಹಳಷ್ಟು ಗಾಡಿಗಳಲ್ಲಿ ಅದು ಉರಿದಾಗ ಹಿಂದಿನ ಕೆಂಪು ದೀಪ ಉರಿಯುವುದಿಲ್ಲ. ಹಳೇ ಗಾಡಿಗಳಲ್ಲಿ ಲೈಟ್ ಹಾಕದಿದ್ದರೆ ಮೀಟರೂ ಕತ್ತಲೆ, ತಕ್ಷಣ ಗೊತ್ತಾಗುತ್ತಿತ್ತು. ಈಗಿನ ಮೀಟರ್ ಹಗಲು ರಾತ್ರಿ ಹೊಳೆಯುತ್ತದೆ. ಎಷ್ಟು ಕಿಲೋಮೀಟರ್ ಹಾಗೆ ಬಂದಿದ್ದೆನೋ! ಆ ಮನುಷ್ಯ ಕ್ಯೂನಲ್ಲಿ ಇಳಿದು ಬಂದು ಹೇಳಿದನಲ್ಲ, ಅದು ದೊಡ್ಡದು. ಈಗ ಮೀಟರಿನಲ್ಲಿ ಲೈಟಿನ ಹಸಿರು ಗುರುತು ಬಂದಿದೆಯಾ ಅಂತ ನೋಡುತ್ತೇನೆ. ನೀಲಿ ಗುರುತು ಇದ್ದರೆ ಹೈ ಬೀಮ್.

ಹೈ ಬೀಮ್ ಬಗ್ಗೆ ನನಗೆ ಬಹಳ ಅಹಂಕಾರ ಇತ್ತು. ನಾನು ಎದುರು ಗಾಡಿ ಕಂಡ ತಕ್ಷಣ ಡಿಮ್ ಮಾಡುವವನು. ಆದರೆ ಒಂದು ರಾತ್ರಿ, ಏಳು ಜನರ ಕುಟುಂಬವನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗುವಾಗ ಶಿರಾಡಿ ಘಾಟಿಯಲ್ಲಿ ಎದುರು ಬಂದವರೆಲ್ಲ ನನಗೆ ಲೈಟ್ ಹೊಡೆಯುತ್ತಿದ್ದರು. ಬಸ್ಸು, ಟ್ಯಾಂಕರ್, ಕಾರು, ಎಲ್ಲರೂ. ನಾನು ಲೋ ಬೀಮ್‌ನಲ್ಲೇ ಇದ್ದೆ. ಸಿಟ್ಟು ಬಂದು ಒಬ್ಬನಿಗೆ ಹೈ ಬೀಮ್ ಹೊಡೆದು ತೋರಿಸಿದೆ ಕೂಡ, "ನೋಡು, ಇದು ಹೈ, ಅದು ಲೋ" ಅಂತ. ಗುಂಡ್ಯದಲ್ಲಿ ಚಹಾಕ್ಕೆ ನಿಂತಾಗ ಒಬ್ಬ ಹಿರಿಯ ಟ್ಯಾಕ್ಸಿ ಡ್ರೈವರ್ ನನ್ನ ಗಾಡಿಯ ಹಿಂಭಾಗ ನೋಡಿದರು. ಮೂರನೇ ಸಾಲಿನಲ್ಲಿ ಜನ, ಅದರ ಹಿಂದೆ ಅಕ್ಕಿ ಮೂಟೆ, ಬ್ಯಾಗುಗಳು. ಹಿಂದೆ ಕುಗ್ಗಿದೆ, ಮೂತಿ ಮೇಲೆದ್ದಿದೆ. ಒಳಗೆ ಕೈ ಹಾಕಿ ಸ್ಟೀರಿಂಗ್ ಬಲಕ್ಕೆ, ಕೆಳಗಿದ್ದ ಒಂದು ಸಣ್ಣ ಚಕ್ರ ತೋರಿಸಿದರು. ಸೊನ್ನೆಯಿಂದ ಮೂರರವರೆಗೆ ನಂಬರ್. ಅದು ಸೊನ್ನೆಯಲ್ಲಿತ್ತು. ಮೂರಕ್ಕೆ ತಿರುಗಿಸಿದರು. ಎದುರಿನ ಅಂಗಡಿ ಗೋಡೆಯ ಮೇಲಿದ್ದ ಬೆಳಕು ಸರ್ರ್ ಅಂತ ಒಂದು ಅಡಿ ಕೆಳಗಿಳಿಯಿತು. ಅದುವರೆಗೆ ಆ ಚಕ್ರ ಮೀಟರಿನ ಬೆಳಕಿಗೆ ಅಂದುಕೊಂಡಿದ್ದೆ. ಆವತ್ತು ಘಾಟಿಯ ಪೂರ್ತಿ ಎಲ್ಲರ ಕಣ್ಣು ಕುಕ್ಕಿದವನು ನಾನೇ. ಗಾಡಿ ತುಂಬಿದಷ್ಟೂ ನಂಬರ್ ಜಾಸ್ತಿ, ಖಾಲಿ ಆದಾಗ ಮತ್ತೆ ಸೊನ್ನೆ.

2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕೇಸ್ ಹಾಕಲು ಶುರು ಮಾಡಿದಾಗ ಹೊರಗಿನಿಂದ ಹಾಕಿಸಿದ ದೀಪ ಬಿಚ್ಚಿಸಿದ ಓನರ್‌ಗಳು ಇದ್ದಾರೆ. ಬಿಚ್ಚಿಸದೆ ಇರುವವರು ಜಾಸ್ತಿ. ಎದುರಿನವನು ಡಿಮ್ ಮಾಡದಿದ್ದರೆ ನಾನು ಈಗ ಜಗಳಕ್ಕೆ ಹೋಗುವುದಿಲ್ಲ. ಸ್ಪೀಡ್ ಇಳಿಸಿ, ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡಿಕೊಂಡು ಹೋಗುತ್ತೇನೆ. ಸಕಲೇಶಪುರದ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಪಂಚೆ ಕಟ್ಟಿದ ಹಾಗೆ ಆಗುತ್ತದೆ, ಲೋ ಬೀಮ್, ಫಾಗ್ ಲ್ಯಾಂಪ್ ಸಾಕು. ಹಿಂದಿನ ಕೆಂಪು ಫಾಗ್ ದೀಪ ಇದ್ದರೆ ಹಾಕಿ, ಮಂಜು ಕಳೆದ ಮೇಲೆ ಆಫ್ ಮಾಡಲು ಮರೆಯಬೇಡಿ. ಉರಿಯುತ್ತಲೇ ಇದ್ದರೆ ಹಿಂದಿನವನಿಗೆ ನಿಮ್ಮ ಬ್ರೇಕ್ ಲೈಟ್ ಯಾವುದು ಅಂತ ತಿಳಿಯುವುದಿಲ್ಲ.

ಹೋದ ವಾರ ಜಯನಗರದಲ್ಲಿ ಒಂದು ಹೊಸ ಮನೆ, ಊಟಿಗೆ ಡ್ಯೂಟಿ. ನಾನು ಸೀಟಿನಲ್ಲಿ ಕೂತು ಒಂದೊಂದೇ ಲೈಟ್ ಹಾಕಿ ನೋಡುತ್ತಿದ್ದೆ. ಓನರ್ ಗಡಿಯಾರ ನೋಡಿಕೊಂಡರು. ಅವರ ಮಗ, ಆರೇಳು ವರ್ಷದವನು, ಇದೇನೋ ಆಟ ಅಂದುಕೊಂಡು ಗೇಟಿನ ಹತ್ತಿರ ನಿಂತು ಹಿಂದಿನಿಂದ ಕೂಗಿ ಹೇಳತೊಡಗಿದ. "ಎಡ ಬಂತು! ಬಲ ಬಂತು!" ನಾನು ಬ್ರೇಕ್ ಒತ್ತಿದೆ. ಸ್ವಲ್ಪ ಹೊತ್ತು ಸದ್ದಿಲ್ಲ.

"ಅಂಕಲ್, ಒಂದೇ ಬಂತು."

ಓನರ್ ಹಿಂದೆ ಹೋಗಿ ನೋಡಿ ಬಂದರು. "ದಿನಾ ಆಫೀಸಿಗೆ ನಾನೇ ಓಡಿಸ್ತೀನಿ ಕಣ್ರೀ" ಅಂದರು. ಮೂಲೆಯ ಅಂಗಡಿ ತೆರೆಯುವುದು ಒಂಬತ್ತಕ್ಕೆ. ಬಲ್ಬ್ ಹಾಕಿಸಿಕೊಂಡೇ ಹೊರಟೆವು.